ದೇಗುಲದಂಗಳದ ನಗೆ: ಕಲ್ಪತರು ನಾಡಿನ ಹವ್ಯಾಸಿ ಆಟಗಳಲ್ಲಿ ಹಾಸ್ಯಪಾತ್ರದ ರಚನೆ

ಪ್ರವೇಶ

ಮೂಡಲಪಾಯ ಯಕ್ಷಗಾನವನ್ನು ಕುರಿತ ಚರ್ಚೆಗಳಲ್ಲಿ ಪ್ರಸಂಗಗಳ ಪಠ್ಯ, ಭಾಗವತಿಕೆ, ಹಿಮ್ಮೇಳ, ವೇಷಭೂಷಣಗಳಿಗೆ ದೊರೆಯುವಷ್ಟು ಅವಕಾಶ ಹಾಸ್ಯಪಾತ್ರಕ್ಕೆ ಸಾಮಾನ್ಯವಾಗಿ ದೊರೆಯುವುದಿಲ್ಲ. ಇದಕ್ಕೆ ಕಾರಣ ಸ್ಪಷ್ಟವಾಗಿಯೇ ಇದೆ. ಪ್ರಸಂಗದ ಹಸ್ತಪ್ರತಿಯಲ್ಲಿ ಪದ್ಯಗಳಿರುತ್ತವೆ, ಗದ್ಯದ ಸೂಚನೆಗಳಿರುತ್ತವೆ. ಹಾಸ್ಯಗಾರನ ಮಾತು ಮಾತ್ರ ಬಹುಪಾಲು ಬರಹಕ್ಕೆ ಇಳಿಯದೆ ಆಯಾ ರಾತ್ರಿಯಲ್ಲೇ ಹುಟ್ಟಿ ಆಯಾ ರಾತ್ರಿಯಲ್ಲೇ ಮುಗಿಯುತ್ತದೆ. ಬರಹವನ್ನು ಆಧಾರವಾಗಿಟ್ಟುಕೊಂಡ ಅಧ್ಯಯನಕ್ಕೆ ಆತ ಸಿಗುವುದೇ ಇಲ್ಲ. ಆದರೆ ಆಟ ನೋಡಿ ಮನೆಗೆ ಮರಳಿದ ಜನ ವಾರಗಟ್ಟಲೆ ನೆನೆಯುವುದು ಹಲವು ವೇಳೆ ಅವನ ಮಾತನ್ನೇ ಎಂಬುದು ಮರೆಯಲಾಗದ ಸಂಗತಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳನ್ನೊಳಗೊಂಡ ತೆಂಗಿನ ಸೀಮೆ ಈ ವಿಚಾರದ ಪರಿಶೀಲನೆಗೆ ತಕ್ಕ ಕ್ಷೇತ್ರವಾಗಿದೆ. ಇಲ್ಲಿ ಆಡುವವರು ವೃತ್ತಿ ಕಲಾವಿದರಲ್ಲ. ತೋಟ, ಹೊಲ, ಅಂಗಡಿ, ಶಾಲೆಗಳ ಕೆಲಸ ಮುಗಿಸಿ ತಿಂಗಳುಗಟ್ಟಲೆ ತಾಲೀಮು ಮಾಡುವ ಹವ್ಯಾಸಿಗಳು. ಆಡುವ ಸ್ಥಳ ಬಹುಮಟ್ಟಿಗೆ ಗುಡಿಯ ಮುಂದಿನ ಬಯಲು, ಸಂದರ್ಭ ಜಾತ್ರೆ, ಪರಿಷೆ, ಹಬ್ಬ, ವಸ್ತು ದೈವಸಂಬಂಧವಾದದ್ದು. ಇಂಥ ಕಡೆ ನಗಿಸುವವನೊಬ್ಬ ಏಕೆ ಬೇಕಾದ, ಅವನನ್ನು ಹವ್ಯಾಸಿ ಮಂಡಳಿಗಳು ಹೇಗೆ ಕಟ್ಟಿಕೊಂಡವು, ಇಂದು ಹೇಗೆ ಕಳೆದುಕೊಳ್ಳುತ್ತಿವೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಪ್ರಸ್ತುತ ಲೇಖನದ ನಿಲುವನ್ನು ಮೊದಲೇ ಹೇಳಬಹುದು: ದೈವಕಥೆಯ ಆಟದಲ್ಲಿ ಹಾಸ್ಯಪಾತ್ರ ಹುಟ್ಟುವುದು ಕಥೆ ಮೌನವಾಗಿರುವ ಜಾಗದಲ್ಲಿ, ಅದು ಬಾಳುವುದು ಅದಕ್ಕೊಂದು ಕೆಲಸವೂ ಒಂದು ಅಗತ್ಯವೂ ಇದ್ದಾಗ, ಅದು ಕೆಡುವುದು ಪಾತ್ರದ ಜಾಗದಲ್ಲಿ ಬರಿಯ ಊನವೊಂದನ್ನು ತಂದು ನಿಲ್ಲಿಸಿದಾಗ.

ಹನುಮನಾಯಕನ ಸ್ಥಾನ

ಮೂಡಲಪಾಯವನ್ನು ವಿದ್ವತ್ತಿನ ಗಮನಕ್ಕೆ ತಂದವರಲ್ಲಿ ಜೀ.ಶಂ. ಪರಮಶಿವಯ್ಯ (1933–1995) ಪ್ರಮುಖರು. ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯ ಹೆಸರು ಈ ಕಲೆಯ ಪುನರುಜ್ಜೀವನದೊಂದಿಗೆ ಸೇರಿಕೊಂಡಿರುವುದು ಅವರ ಶ್ರಮದಿಂದಲೇ. ಅದೇ ತಾಲ್ಲೂಕಿನ ಅರಳಗುಪ್ಪೆಯೂ ಮೂಡಲಪಾಯಕ್ಕೆ ಹೆಸರಾದ ಊರು. ಅಲ್ಲಿಯ 9ನೆಯ ಶತಮಾನದ ಕಲ್ಲೇಶ್ವರ ದೇಗುಲದ ಭುವನೇಶ್ವರಿಯಲ್ಲಿ ನರ್ತಿಸುವ ಶಿವನನ್ನು ದಿಕ್ಪಾಲಕರು ಸುತ್ತುವರಿದಿರುವ ಶಿಲ್ಪವಿದೆ. ದೇವರೇ ಕುಣಿಯುವ ಗುಡಿಯ ಹೊರಗೆ ಒಕ್ಕಲುಮಕ್ಕಳು ವೇಷ ಕಟ್ಟುವುದರಲ್ಲಿ ಆಶ್ಚರ್ಯವಿಲ್ಲ.

ಮೂಡಲಪಾಯದ ಪೂರ್ವರಂಗದಲ್ಲಿ ಕೋಡಂಗಿಯ ಪ್ರವೇಶವಿದೆ. ಮುಂದೆ ಹನುಮನಾಯಕನೆಂದೂ ಸಾರಥಿಯೆಂದೂ ಕರೆಯಿಸಿಕೊಳ್ಳುವ ಹಾಸ್ಯಪಾತ್ರಧಾರಿ ರಂಗಕ್ಕೆ ಬರುತ್ತಾನೆ. ತೆರೆಯ ಮರೆಯಿಂದ ಬರುವ ರಾಜನನ್ನು, ರಾಕ್ಷಸನನ್ನು, ರಾಣಿಯನ್ನು ಯಾರು, ಎಲ್ಲಿಯವರು, ಏಕೆ ಬಂದಿರಿ ಎಂದು ವಿಚಾರಿಸುವುದು ಅವನ ಕರ್ತವ್ಯ. ಕಿರೀಟ, ಭುಜಕೀರ್ತಿ, ಎದೆಹಾರಗಳಿಂದ ಭಾರವಾದ ವೇಷದ ಎದುರು ಅವನದು ಹಗುರಾದ ಉಡುಗೆ. ರಾಜ ಗ್ರಾಂಥಿಕ ಕನ್ನಡದಲ್ಲಿ ಬಿರುದು ಹೇಳಿಕೊಂಡರೆ ಇವನು ಊರಿನ ಆಡುಮಾತಿನಲ್ಲಿ ಮರುಪ್ರಶ್ನೆ ಹಾಕುತ್ತಾನೆ. ರಾಜನ ಉತ್ತರವನ್ನು ತಪ್ಪಾಗಿ ಕೇಳಿಸಿಕೊಳ್ಳುತ್ತಾನೆ, ಮತ್ತೊಮ್ಮೆ ಹೇಳಿಸುತ್ತಾನೆ, ಕೊನೆಗೆ ತನ್ನ ಮಾತಿನಲ್ಲಿ ಅದನ್ನು ಸಭೆಗೆ ತಿಳಿಸುತ್ತಾನೆ.

ಈ ವ್ಯವಹಾರವನ್ನು ಸೂಕ್ಷ್ಮವಾಗಿ ಗಮನಿಸಿದರೆ ಹಾಸ್ಯವು ಇಲ್ಲಿ ಒಂದು ಕೆಲಸದ ಫಲವಾಗಿ ಬಂದಿದೆಯೆಂಬುದು ತಿಳಿಯುತ್ತದೆ. ಪ್ರಸಂಗದ ಭಾಷೆ ಮತ್ತು ಪ್ರೇಕ್ಷಕರ ಭಾಷೆಯ ನಡುವೆ ಅಂತರವಿದೆ. ಆ ಅಂತರವನ್ನು ದಾಟಿಸುವ ಆಳು ಬೇಕು. ಹನುಮನಾಯಕ ಮೊದಲು ಆ ಆಳು, ಬಳಿಕ ಹಾಸ್ಯಗಾರ. ತಪ್ಪಾಗಿ ಕೇಳಿಸಿಕೊಳ್ಳುವುದೂ ಅವನ ದಡ್ಡತನವಲ್ಲ. ರಾತ್ರಿ ತಡವಾಗಿ ಬಂದು ಕುಳಿತ ಪ್ರೇಕ್ಷಕನಿಗೆ ಕಥೆಯನ್ನು ಎರಡನೆಯ ಬಾರಿ ಕೇಳಿಸುವ ಉಪಾಯ. ಕೋಡಂಗಿಯನ್ನೂ ಈರಭದ್ರನನ್ನೂ ಒಂದೇ ಮಾತಿನಲ್ಲಿ ಜೊತೆಮಾಡುವ ಗಾದೆ ನಮ್ಮಲ್ಲಿದೆ. ನಗೆಯವನನ್ನೂ ಉಗ್ರದೈವವನ್ನೂ ಎದುರುಬದುರು ಕೂರಿಸಿ ನೋಡುವುದು ಜನಪದರಿಗೆ ಅಸಹಜವೆನಿಸಿರಲಿಲ್ಲ ಎಂಬುದಕ್ಕೆ ಇದೊಂದು ಸಾಕ್ಷಿ.

ಕಥೆಯ ಮೌನ

ಹನುಮನಾಯಕನಿಗೆ ಮಹಾಭಾರತದಲ್ಲಾಗಲಿ ರಾಮಾಯಣದಲ್ಲಾಗಲಿ ಸ್ಥಾನವಿಲ್ಲ. ಸಭೆಗೆ ರಾಜ ಬಂದನೆಂದು ಕಾವ್ಯ ಹೇಳುತ್ತದೆ; ಬಾಗಿಲು ತೆರೆದವನಾರು, ದೀಪ ಹಿಡಿದವನಾರು ಎಂದು ಹೇಳುವುದಿಲ್ಲ. ಆ ಹೇಳದೆ ಬಿಟ್ಟ ಜಾಗವೇ ಹವ್ಯಾಸಿಗೆ ದೊರೆತ ಸ್ವಾತಂತ್ರ್ಯ. ಕೃಷ್ಣನ ಮಾತನ್ನು ಬದಲಿಸುವ ಧೈರ್ಯ ಊರಿನ ಕಲಾವಿದನಿಗಿಲ್ಲ, ಇರಬೇಕಾಗಿಯೂ ಇಲ್ಲ. ಕೃಷ್ಣ ಬಂದಾಗ ಬಾಗಿಲಲ್ಲಿ ತೂಕಡಿಸುತ್ತಿದ್ದವನ ಮಾತನ್ನು ಕಟ್ಟಲು ಯಾರ ಅಪ್ಪಣೆಯೂ ಬೇಡ.

ಇದು ನಮ್ಮ ಬಯಲಾಟಕ್ಕೆ ಮಾತ್ರ ಸೀಮಿತವಾದ ಲಕ್ಷಣವಲ್ಲ. ಕ್ರೈಸ್ತ ಪರಂಪರೆಯ ಹವ್ಯಾಸಿ ನಾಟಕಗಳನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚರ್ಚಿನ ಹಬ್ಬದ ದಿನ ಬೈಬಲ್ ಕಥೆಗಳನ್ನು ಆಡುತ್ತಿದ್ದವರು ಊರಿನ ಕಸುಬಿನ ಸಂಘಗಳವರು. ಯಾರ್ಕ್ ನಗರದಲ್ಲಿ ನೋಹನ ನಾವೆ ಕಟ್ಟುವ ಪ್ರಸಂಗವನ್ನು ಹಡಗು ಕಟ್ಟುವವರೂ, ಪ್ರಳಯದ ಪ್ರಸಂಗವನ್ನು ಮೀನುಗಾರರೂ ನಾವಿಕರೂ ಆಡುತ್ತಿದ್ದರು. ನೋಹನ ಹೆಂಡತಿಯ ಸ್ವಭಾವವನ್ನು ಕುರಿತು ಬೈಬಲ್ ಏನನ್ನೂ ಹೇಳುವುದಿಲ್ಲ. ವೇಕ್‌ಫೀಲ್ಡಿನದೆಂದು ಪರಿಗಣಿತವಾದ ನಾಟಕದಲ್ಲಿ ಆಕೆ ನೂಲುವುದನ್ನು ಬಿಟ್ಟು ನಾವೆ ಹತ್ತಲು ಒಪ್ಪದೆ ಗಂಡನೊಡನೆ ಜಗಳವಾಡುತ್ತಾಳೆ. ಅದೇ ಗುಂಪಿನ ಕುರುಬರ ನಾಟಕವೊಂದರಲ್ಲಿ ಮ್ಯಾಕ್ ಎಂಬ ಕಳ್ಳ ಕದ್ದ ಕುರಿಯನ್ನು ತೊಟ್ಟಿಲಲ್ಲಿ ಮಲಗಿಸಿ ಹೊಸದಾಗಿ ಹುಟ್ಟಿದ ಮಗುವೆಂದು ಸಾಧಿಸುತ್ತಾನೆ. ಸಿಕ್ಕಿಬಿದ್ದ ಅವನನ್ನು ಕಂಬಳಿಯಲ್ಲಿ ಹಾಕಿ ಎಸೆದಾಡಿದ ಕುರುಬರು ಆ ಬಳಿಕವೇ ದೇವದೂತನ ವಾಣಿ ಕೇಳಿ ಬೆತ್ಲೆಹೇಮಿನ ನಿಜವಾದ ಶಿಶುವಿನ ಬಳಿಗೆ ಹೋಗುತ್ತಾರೆ. ಹುಸಿ ತೊಟ್ಟಿಲನ್ನು ನೋಡಿ ನಕ್ಕವರೇ ನಿಜ ತೊಟ್ಟಿಲ ಮುಂದೆ ಕೈಮುಗಿಯುತ್ತಾರೆ. ನಗೆ ಭಕ್ತಿಯನ್ನು ಕೆಡಿಸಲಿಲ್ಲ. ಅದಕ್ಕೆ ನೆಲ ಹದಮಾಡಿತು.

ಕ್ರಿಸ್ಮಸ್ ಕಾಲದಲ್ಲಿ ಚರ್ಚುಗಳ ಯುವಜನರು ಆಡುವ ಕಿರುನಾಟಕಗಳಲ್ಲಿಯೂ ಇದೇ ನಿಯಮ ಕಾಣುತ್ತದೆ. ಛತ್ರದಲ್ಲಿ ಸ್ಥಳವಿರಲಿಲ್ಲವೆಂದು ಲೂಕನ ಸುವಾರ್ತೆ ತಿಳಿಸುತ್ತದೆ. ಛತ್ರದ ಯಜಮಾನನನ್ನು ಅದು ಹೆಸರಿಸುವುದೂ ಇಲ್ಲ, ಮಾತನಾಡಿಸುವುದೂ ಇಲ್ಲ. ಆದರೂ ಹವ್ಯಾಸಿ ನಾಟಕಗಳಲ್ಲಿ ಜೀವ ತುಂಬಿಕೊಳ್ಳುವ ಪಾತ್ರಗಳಲ್ಲಿ ಅವನೂ ಒಬ್ಬ. ಮರಿಯಳನ್ನೋ ಜೋಸೆಫನನ್ನೋ ಹಾಸ್ಯಕ್ಕೆ ಎಳೆಯಲಾಗದು. ಜನಗಣತಿಯ ನೂಕುನುಗ್ಗಲಿನಲ್ಲಿ ಬೀಗದ ಕೈ ಹಿಡಿದು ಪರದಾಡುವ ಯಜಮಾನನನ್ನು ಎಳೆಯಬಹುದು. ಗಡಿಬಿಡಿಯಲ್ಲಿ ಬಾಗಿಲು ಮುಚ್ಚಿದವನು ಯಾರಿಗೆ ಮುಚ್ಚಿದೆನೆಂದು ಅರಿಯುವ ಕ್ಷಣದಲ್ಲಿ ನಗೆ ತಾನಾಗಿ ನಿಲ್ಲುತ್ತದೆ. ಕೃಷ್ಣನ ಬಾಗಿಲಿನವನಿಗೂ ಈ ಛತ್ರದವನಿಗೂ ಮತ ಬೇರೆ, ಹುಟ್ಟಿದ ರೀತಿ ಒಂದೇ.

ಕೆಲಸ ಮತ್ತು ಅಗತ್ಯ

ಮೌನದ ಜಾಗ ಸಿಕ್ಕಿತೆಂದ ಮಾತ್ರಕ್ಕೆ ಪಾತ್ರ ಸಿದ್ಧವಾಗುವುದಿಲ್ಲ. ಅದಕ್ಕೆ ಏನಾದರೂ ಬೇಕಾಗಿರಬೇಕು. ಹರಿಶ್ಚಂದ್ರನ ಕಥೆಯ ನಕ್ಷತ್ರಿಕ ಇದಕ್ಕೆ ಉತ್ತಮ ನಿದರ್ಶನ. ಮಾರ್ಕಂಡೇಯ ಪುರಾಣದಲ್ಲಿ ವಿಶ್ವಾಮಿತ್ರನೇ ಬಂದು ಹಣ ಕೇಳುತ್ತಾನೆ. ರಾಘವಾಂಕನ ಕಾವ್ಯದಲ್ಲಿ ಸಾಲ ವಸೂಲಿಗೆ ಹಿಂದೆ ಬೀಳುವವನು ಅವನ ಶಿಷ್ಯ. ನಕ್ಷತ್ರಿಕನಿಗೆ ಗುರು ಒಪ್ಪಿಸಿದ ಕೆಲಸವಿದೆ. ದಾರಿಯ ಹಸಿವು, ಬಿಸಿಲು, ಕಾಲುನೋವುಗಳು ಅವನಿಗೂ ಇವೆ. ಸಾಲಗಾರನನ್ನು ಕಾಡಬೇಕಾದವನು ಸಾಲಗಾರನಷ್ಟೇ ಬಳಲುತ್ತಾನೆ. ಈ ಇಕ್ಕಟ್ಟಿನಿಂದಲೇ ಅವನನ್ನು ನಗೆಯ ಪಾತ್ರವಾಗಿ ಬೆಳೆಸುವುದು ರಂಗಭೂಮಿಗೂ ಚಲನಚಿತ್ರಕ್ಕೂ ಸಾಧ್ಯವಾಯಿತು.

1965ರ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರದಲ್ಲಿ ನಕ್ಷತ್ರಿಕನಾಗಿ ನಟಿಸಿದ ಟಿ.ಆರ್. ನರಸಿಂಹರಾಜು (1923–1979) ತಿಪಟೂರಿನವರೆಂಬುದು ಇಲ್ಲಿ ಉಲ್ಲೇಖನೀಯ. ಬಾಲ್ಯದಿಂದಲೂ ನಾಟಕ ಕಂಪನಿಗಳಲ್ಲಿ ಬೆಳೆದು 1954ರ ‘ಬೇಡರ ಕಣ್ಣಪ್ಪ’ದ ಮೂಲಕ ಚಿತ್ರರಂಗಕ್ಕೆ ಬಂದ ಅವರ ಸಣಕಲು ದೇಹ, ಉಬ್ಬುಹಲ್ಲುಗಳು ಎಲ್ಲರಿಗೂ ಪರಿಚಿತ. ಅವರ ಹಾಸ್ಯ ಅಷ್ಟಕ್ಕೇ ನಿಂತಿದ್ದರೆ ಒಂದೆರಡು ಚಿತ್ರಗಳಲ್ಲಿ ಸವೆದುಹೋಗುತ್ತಿತ್ತು. ಅವರು ಅಭಿನಯಿಸಿದ್ದು ಅಂಜುವ, ಆಸೆಪಡುವ, ಬಲಶಾಲಿಯ ಮುಂದೆ ಉಪಾಯ ಹೂಡುವ ಸಾಮಾನ್ಯನನ್ನು. ಪ್ರೇಕ್ಷಕರು ಹಲ್ಲನ್ನು ನೋಡಿ ನಗಲು ಆರಂಭಿಸಿದರೂ ಆಸೆ-ಅಂಜಿಕೆಗಳನ್ನು ಗುರುತಿಸಿ ನಗೆಯನ್ನು ಮುಂದುವರಿಸುತ್ತಿದ್ದರು.

ನೆರೆಯ ಗುಬ್ಬಿಯ ನಿದರ್ಶನವೂ ಇದಕ್ಕೆ ಪೋಷಕವಾಗಿದೆ. ವೆಸ್ಲಿಯನ್ ಮಿಷನ್ 19ನೆಯ ಶತಮಾನದ ಪೂರ್ವಾರ್ಧದಲ್ಲಿಯೇ ನೆಲೆಯೂರಿದ್ದ ಈ ಪಟ್ಟಣದಲ್ಲಿ 1884ರಲ್ಲಿ ಊರದೇವರಾದ ಚನ್ನಬಸವೇಶ್ವರನ ಹೆಸರಿನಲ್ಲಿ ನಾಟಕ ಸಂಘ ಹುಟ್ಟಿತು. ಮುಂದೆ ಗುಬ್ಬಿ ಕಂಪನಿಯಾಗಿ ಪ್ರಸಿದ್ಧವಾದ ಆ ಸಂಸ್ಥೆಯ ಗುಬ್ಬಿ ವೀರಣ್ಣನವರು (1891–1972) ಜನಮನದಲ್ಲಿ ಉಳಿದದ್ದು ‘ಸದಾರಮೆ’ಯ ಕಳ್ಳನಾಗಿ. ಮ್ಯಾಕ್‌ನಂತೆ ಇವನೂ ಕಳ್ಳ. ಇವನೂ ತನ್ನ ಜಾಣತನವನ್ನು ನಂಬಿ ಇನ್ನೊಬ್ಬರ ಜಾಣತನಕ್ಕೆ ಸೋಲುವವನು. ಕಳ್ಳ ಲೋಕಪ್ರಿಯ ಹಾಸ್ಯಪಾತ್ರವಾಗುವುದು ಕಾಕತಾಳೀಯವಲ್ಲ. ಅವನಿಗೆ ಬೇಕಾದುದೇನೆಂಬುದು ಎಲ್ಲರಿಗೂ ತಿಳಿದಿದೆ, ಅದು ದಕ್ಕಬಾರದೆಂಬುದೂ ತಿಳಿದಿದೆ. ಈ ಎರಡರ ನಡುವೆ ಅವನು ಪಡುವ ಪಾಡು ಪ್ರೇಕ್ಷಕರ ನಗೆಗೆ ಸಾಕು.

ಹಾಸ್ಯ ಕಥೆಯಿಂದ ಬೇರೆಯಾದ ಬಗೆ

ಕಂಪನಿ ನಾಟಕಗಳು ಹಾಸ್ಯಕ್ಕೆ ದೊಡ್ಡ ನಟರನ್ನು ಕೊಟ್ಟವು. ಅದರ ಜೊತೆಗೆ ಒಂದು ತೊಡಕನ್ನೂ ತಂದವು. ಮುಖ್ಯಕಥೆಗೆ ಸಮಾನಾಂತರವಾಗಿ ನಡೆಯುವ ಪ್ರತ್ಯೇಕ ಹಾಸ್ಯಪ್ರಸಂಗಗಳು ಬಳಕೆಗೆ ಬಂದವು. ರಂಗಸಜ್ಜಿಕೆ ಬದಲಿಸಲು ಬೇಕಾದ ಸಮಯ ತುಂಬುವುದು ಅವುಗಳ ಒಂದು ಪ್ರಯೋಜನವಾಗಿತ್ತು. ಹನುಮನಾಯಕ ರಾಜನ ಎದುರಿನಲ್ಲೇ ನಿಂತು ಮಾತನಾಡುತ್ತಿದ್ದರೆ, ಹೊಸ ಹಾಸ್ಯಗಾರ ರಾಜ ಒಳಗೆ ಹೋದ ಮೇಲೆ ಪರದೆಯ ಮುಂದೆ ಬರುವವನಾದ. ಕಥೆಯಿಂದ ತೆಗೆದರೂ ಕಥೆಗೆ ನಷ್ಟವಾಗದ ಪಾತ್ರವನ್ನು ಮುಂದೊಂದು ದಿನ ತೆಗೆದುಹಾಕುವುದು ಸುಲಭ.

ಗ್ರಾಮೀಣ ಹವ್ಯಾಸಿ ಪೌರಾಣಿಕ ನಾಟಕಗಳಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಬಯಲುಸೀಮೆಯ ದಕ್ಷಿಣ ಜಿಲ್ಲೆಗಳಲ್ಲಿ ‘ಕುರುಕ್ಷೇತ್ರ’ ಇಂದಿಗೂ ಊರೂರುಗಳಲ್ಲಿ ನಡೆಯುವ ನಾಟಕ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಯ ಸೀನರಿ, ಹೊರಗಿನಿಂದ ಕರೆಸಿದ ಸ್ತ್ರೀಪಾತ್ರಧಾರಿಗಳು ಇವೆಲ್ಲಕ್ಕೂ ಹಣ ಬೇಕು. ಆ ಹಣವನ್ನು ಪಾತ್ರಧಾರಿಗಳೇ ತಮ್ಮ ಪಾತ್ರದ ಹಿರಿಮೆಗೆ ತಕ್ಕಂತೆ ಹಾಕುವ ಪದ್ಧತಿಯಿದೆ. ದುರ್ಯೋಧನ, ಕೃಷ್ಣ, ಕರ್ಣ, ಭೀಮರ ಪಾತ್ರಗಳಿಗೆ ಪೈಪೋಟಿ ಏರ್ಪಡುತ್ತದೆ. ಕೊಬ್ಬರಿ ಮಾರಿದ ಹಣದಲ್ಲಿ ಒಂದು ರಾತ್ರಿಯ ಮಟ್ಟಿಗೆ ಚಕ್ರವರ್ತಿಯಾಗುವ ಹಂಬಲವನ್ನು ಯಾರೂ ಹಗುರವಾಗಿ ಕಾಣಬೇಕಿಲ್ಲ. ಆದರೆ ಈ ಲೆಕ್ಕದಲ್ಲಿ ಬಾಗಿಲು ಕಾಯುವವನ ಪಾತ್ರಕ್ಕೆ ಹಣ ಹಾಕುವವರು ವಿರಳ. ಕಂದ, ವೃತ್ತ, ಮಟ್ಟುಗಳ ಹಾಡುಗಾರಿಕೆಯೇ ಕೌಶಲದ ಅಳತೆಗೋಲಾದಾಗ ಹಾಡಿಲ್ಲದ ಹಾಸ್ಯಗಾರನಿಗೆ ಮನ್ನಣೆಯೂ ಇಲ್ಲ. ಶಕುನಿಯ ಕುಹಕದ ಮಾತುಗಳಿಗೆ ಬರುವ ನಗೆಯನ್ನು ಬಿಟ್ಟರೆ ಇಡೀ ರಾತ್ರಿಯ ಆಟ ವೀರಾವೇಶದಲ್ಲೇ ಸಾಗುವುದುಂಟು. ಹನುಮನಾಯಕ ಮಾಡುತ್ತಿದ್ದ ದಾಟಿಸುವ ಕೆಲಸ ಹಾಗೆಯೇ ಉಳಿದುಹೋಗಿದೆ. ಪುರಾಣವನ್ನು ಹಿರಿಯರಿಂದ ಕೇಳಿ ಬೆಳೆಯದ ತಲೆಮಾರು ಪ್ರೇಕ್ಷಕರಲ್ಲಿ ಹೆಚ್ಚಿದಂತೆ ಅವನ ಅಗತ್ಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಯಾರನ್ನು ನಗುವುದು

ತೆರವಾದ ಜಾಗವನ್ನು ಬೇರೊಂದು ಬಗೆಯ ಹಾಸ್ಯ ಆಕ್ರಮಿಸುತ್ತಿದೆ. 2010ರ ದಶಕದಿಂದ ಈಚೆಗೆ ಕಿರುತೆರೆಯ ಹಾಸ್ಯಸ್ಪರ್ಧೆಗಳ ಜನಪ್ರಿಯತೆ ಹೆಚ್ಚಿದೆ. ಅವುಗಳ ಮಾದರಿಯಲ್ಲಿ ಗಣೇಶೋತ್ಸವ, ಶಾಲಾ ವಾರ್ಷಿಕೋತ್ಸವ, ಚರ್ಚಿನ ಸಮಾರಂಭಗಳಲ್ಲಿ ಕಿರುಪ್ರಹಸನಗಳನ್ನು ಆಡುವುದು ಸಾಮಾನ್ಯವಾಗಿದೆ. ಹವ್ಯಾಸಿಗಳಿಗೆ ಸಿದ್ಧವಾಗಿ ಸಿಗುವ ಪಾತ್ರಗಳು ತೊದಲುವವನು, ಕಿವಿ ಕೇಳದವನು, ದಪ್ಪ ಹೆಂಗಸಿನ ವೇಷ ಹಾಕಿದ ಗಂಡಸು, ಒಂದು ಸೀಮೆಯ ಅಥವಾ ಒಂದು ಜಾತಿಯ ನುಡಿಯನ್ನು ಅಣಕಿಸುವವನು. ಇವರಿಗೆ ಕೆಲಸವಿಲ್ಲ, ಬೇಕಾದುದೂ ಏನಿಲ್ಲ. ಇರುವುದು ಒಂದು ಊನ ಮಾತ್ರ. ಮೊದಲ ಪ್ರವೇಶಕ್ಕೆ ಬಂದ ನಗೆ ಎರಡನೆಯ ಪ್ರವೇಶಕ್ಕೆ ಬಾರದಿರುವುದು ಈ ಕಾರಣದಿಂದ. ಆಗ ಊನವನ್ನು ಇನ್ನಷ್ಟು ಹಿಗ್ಗಿಸುವುದೊಂದೇ ಉಳಿಯುವ ದಾರಿ.

ಹಳೆಯದೆಲ್ಲ ನಿರ್ಮಲವಾಗಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಬಯಲಾಟದ ಹಾಸ್ಯದಲ್ಲಿ ಹೆಂಗಸರನ್ನೂ ಕೆಳಗಿನ ಜಾತಿಗಳನ್ನೂ ಹಳಿಯುವ ಮಾತುಗಳು ಸಾಕಷ್ಟಿದ್ದವು. ವೇಕ್‌ಫೀಲ್ಡಿನ ನೋಹನ ಹೆಂಡತಿ ಹೊಡೆತವನ್ನೂ ತಿನ್ನುತ್ತಾಳೆ. ಶಾಸ್ತ್ರವೂ ಈ ವಿಷಯದಲ್ಲಿ ಇಬ್ಬಗೆಯಾಗಿದೆ. ಹಾಸ್ಯರಸದ ವಿಭಾವಗಳನ್ನು ಹೇಳುವಾಗ ಭರತನ ನಾಟ್ಯಶಾಸ್ತ್ರವು ವಿಕೃತ ವೇಷ, ಧಾರ್ಷ್ಟ್ಯ, ಲೌಲ್ಯಗಳೊಡನೆ ವ್ಯಂಗದರ್ಶನವನ್ನೂ, ಅಂದರೆ ಅಂಗವೈಕಲ್ಯದ ಕಾಣಿಕೆಯನ್ನೂ ಸೇರಿಸುತ್ತದೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ಹೆಸರನ್ನು ಹೊತ್ತ ತೀ.ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯ (1953) ಮೂಲಕ ಇಂಥ ಪರಿಭಾಷೆಯನ್ನು ಕನ್ನಡ ಓದುಗರಿಗೆ ಸುಲಭಗೊಳಿಸಿಕೊಟ್ಟಿದ್ದಾರೆ. ಆ ಪಟ್ಟಿಯನ್ನು ಇಂದು ಓದುವವರು ಅದರೊಳಗೇ ಒಂದು ಭೇದವನ್ನು ಕಾಣಬಹುದು. ಧಾರ್ಷ್ಟ್ಯವೂ ಲೌಲ್ಯವೂ ಪಾತ್ರದ ಬಯಕೆಗೆ ಸೇರಿದವು, ಆದ್ದರಿಂದ ಅವು ಕ್ರಿಯೆಯಾಗಿ ಬೆಳೆಯುತ್ತವೆ. ವ್ಯಂಗ ಬಯಕೆಯಲ್ಲ, ಅದನ್ನು ತೋರಿಸಬಹುದು, ಬೆಳೆಸಲಾಗದು.

ಅದೇ ಗ್ರಂಥದ ಕೊನೆಯಲ್ಲಿ ಬರುವ ಕಥೆ ಇನ್ನಷ್ಟು ಅರ್ಥಪೂರ್ಣವಾಗಿದೆ. ಭರತಪುತ್ರರು ಪ್ರಹಸನಗಳಲ್ಲಿ ಋಷಿಗಳನ್ನು ಅಣಕಿಸಿ ಶಾಪಕ್ಕೆ ಗುರಿಯಾಗುತ್ತಾರೆ. ಬಲಶಾಲಿಗಳನ್ನು ನಕ್ಕವನಿಗೆ ಶಾಪ ತಪ್ಪದು. ದುರ್ಬಲರನ್ನು ನಕ್ಕವನಿಗೆ ಶಾಪ ಕೊಡುವವರೇ ಇರುವುದಿಲ್ಲ. ಹವ್ಯಾಸಿಗಳು ಎರಡನೆಯದನ್ನು ಆರಿಸಿಕೊಳ್ಳುವುದರಲ್ಲಿ ಈ ಸುರಕ್ಷತೆಯ ಲೆಕ್ಕಾಚಾರವೂ ಇದ್ದೀತು. ನೋಡುವವರೂ ಆಡುವವರೂ ಒಂದೇ ಊರಿನವರಾಗಿರುವ ಕಡೆ ಇದರ ಪರಿಣಾಮ ತೀವ್ರ. ಕಾಲು ಎಳೆಯುವ ವ್ಯಕ್ತಿಯ ಅಣಕವನ್ನು ರಂಗದ ಮೇಲೆ ಮಾಡಿದಾಗ ಸಭೆಯ ಕಣ್ಣುಗಳು ಊರಿನ ಯಾವನೋ ಒಬ್ಬನ ಕಡೆ ತಿರುಗುತ್ತವೆ. ಕಿರುತೆರೆಯ ಪ್ರೇಕ್ಷಕ ಆ ಮನುಷ್ಯನ ಮುಖ ನೋಡಬೇಕಾಗಿಲ್ಲ. ಜಾತ್ರೆಯ ಪ್ರೇಕ್ಷಕ ಬೆಳಗಾದರೆ ಅವನ ಜೊತೆಯಲ್ಲೇ ತೋಟಕ್ಕೆ ಹೋಗಬೇಕು. 2024ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯವು ಚಲನಚಿತ್ರಗಳಲ್ಲಿ ಅಂಗವಿಕಲರ ಚಿತ್ರಣವನ್ನು ಕುರಿತ ತೀರ್ಪಿನಲ್ಲಿ, ವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯಕ್ಕೂ ವ್ಯಕ್ತಿಯನ್ನು ಕುಗ್ಗಿಸುವ ಹಾಸ್ಯಕ್ಕೂ ವ್ಯತ್ಯಾಸವನ್ನು ಗುರುತಿಸಿದೆ. ನ್ಯಾಯಾಲಯ ಹಕ್ಕಿನ ದೃಷ್ಟಿಯಿಂದ ಮಾಡಿದ ಈ ವಿಂಗಡಣೆ ಕಲೆಯ ದೃಷ್ಟಿಯಿಂದಲೂ ಸರಿಯಾಗಿದೆ.

ಹೊಸ ಪಾತ್ರದ ಸಾಧ್ಯತೆ

ಹಾಸ್ಯಪಾತ್ರವನ್ನು ಮತ್ತೆ ಕಥೆಯೊಳಕ್ಕೆ ತರಲು ಈ ಸೀಮೆಯಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಉಂಡೆ ಕೊಬ್ಬರಿಗೆ ತಿಪಟೂರಿನ ಮಾರುಕಟ್ಟೆ ಹೆಸರುವಾಸಿ. ಬಲಿತ ಕಾಯಿಯನ್ನು ಅಟ್ಟದ ಮೇಲೆ ಎಂಟು ತಿಂಗಳಿಂದ ವರ್ಷದವರೆಗೆ ಇಟ್ಟು, ನೀರು ಇಂಗಿ ಒಳತಿರುಳು ಚಿಪ್ಪಿನಿಂದ ಬಿಟ್ಟು ಗಟಗಟ ಸದ್ದು ಮಾಡುವವರೆಗೆ ಕಾಯಬೇಕು. ಕಾದದ್ದು ಮುಗಿದಾಗ ಬೆಲೆ ಇಳಿದಿದ್ದರೆ ಇನ್ನಷ್ಟು ಕಾಯಬೇಕು. ಪ್ರತಿದಿನ ಅಟ್ಟ ಹತ್ತಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವ ಒಬ್ಬ ಮನುಷ್ಯನನ್ನು ಹಸ್ತಿನಾವತಿಯ ಬಾಗಿಲಿನಲ್ಲಿ ನಿಲ್ಲಿಸಿದಂತೆ ಕಲ್ಪಿಸಿಕೊಳ್ಳಬಹುದು. ಸಂಧಿಗೆಂದು ಬಂದ ಕೃಷ್ಣನನ್ನು ಅವನು ಮೊದಲು ಕೇಳುವ ಪ್ರಶ್ನೆ ಬಂದ ದಾರಿಯಲ್ಲಿ ಕೊಬ್ಬರಿಗೆ ಧಾರಣೆ ಎಷ್ಟಿತ್ತು ಎಂಬುದೇ ಆಗಿರುತ್ತದೆ. ಯುದ್ಧವಾದರೆ ಬೆಲೆ ಏರುವುದೋ ಇಳಿಯುವುದೋ ಎಂಬುದು ಅವನ ಚಿಂತೆ. ಸಭೆ ನಗುತ್ತದೆ, ಆದರೆ ರಾಜರ ಯುದ್ಧದಲ್ಲಿ ಒಕ್ಕಲಿಗನ ಪಾಡೇನೆಂಬ ಪ್ರಶ್ನೆ ಆ ನಗೆಯ ಜೊತೆಯಲ್ಲೇ ಎದ್ದು ನಿಲ್ಲುತ್ತದೆ. ಇಲ್ಲಿ ಕೃಷ್ಣನ ಒಂದು ಮಾತನ್ನೂ ಬದಲಿಸಬೇಕಾಗಿಲ್ಲ.

ಇಂಥ ಪಾತ್ರವನ್ನು ಕಟ್ಟುವವರು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಒಳಿತು. ಕಥೆ ಮೌನವಾಗಿರುವ ಯಾವ ಜಾಗದಲ್ಲಿ ಈತ ನಿಂತಿದ್ದಾನೆ? ಈತನಿಗೆ ಒಪ್ಪಿಸಿದ ಕೆಲಸವೇನು, ಈತನಿಗೆ ಬೇಕಾದುದೇನು? ಈತನನ್ನು ನೋಡಿ ನಗುವಾಗ ಸಭೆಯಲ್ಲಿ ತಲೆ ತಗ್ಗಿಸಬೇಕಾದವರು ಯಾರಾದರೂ ಇದ್ದಾರೆಯೆ? ಮೊದಲೆರಡಕ್ಕೆ ಉತ್ತರವಿದ್ದು ಮೂರನೆಯದಕ್ಕೆ ಯಾರೂ ಇಲ್ಲವೆಂದೋ, ತಲೆ ತಗ್ಗಿಸುವವನು ಅಧಿಕಾರದಲ್ಲಿರುವವನೆಂದೋ ಉತ್ತರ ಬಂದರೆ ಪಾತ್ರ ಸರಿಯಾದ ದಾರಿಯಲ್ಲಿದೆಯೆಂದು ತಿಳಿಯಬಹುದು.

ಮೂಡಲಪಾಯದ ತರಬೇತಿ ಶಿಬಿರಗಳಲ್ಲಿ ಹೆಜ್ಜೆ, ತಾಳ, ಪದಗಳನ್ನು ಕಲಿಸುವ ವ್ಯವಸ್ಥೆ ಮಾಡಬಹುದು. ಹನುಮನಾಯಕನನ್ನು ಕಲಿಸಲು ಪದಗಳ ಪುಸ್ತಕ ಸಾಲದು. ಉಳಿದಿರುವ ಹಿರಿಯ ಹಾಸ್ಯಪಾತ್ರಧಾರಿಗಳ ಮಾತನ್ನು ಧ್ವನಿ ಮತ್ತು ದೃಶ್ಯದಲ್ಲಿ ದಾಖಲಿಸಿ, ಯಾವ ಪ್ರಸಂಗದ ಯಾವ ಮೌನದಲ್ಲಿ ಅವರು ಬಾಯಿ ತೆರೆಯುತ್ತಾರೆಂಬುದನ್ನು ಗುರುತಿಸುವ ಕೆಲಸ ತುರ್ತಾಗಿ ಆಗಬೇಕಾಗಿದೆ. ಪ್ರಸಂಗಗಳ ಸಂಪಾದನೆಯಲ್ಲಿ ಹಾಸ್ಯದ ಜಾಗಗಳನ್ನು ಖಾಲಿ ಬಿಡದೆ ಸೂಚಿಸುವ ಕ್ರಮವೂ ರೂಢಿಗೆ ಬರಬೇಕು. ಕಿರೀಟ ಭುಜಕೀರ್ತಿಗಳನ್ನು ವಸ್ತುಸಂಗ್ರಹಾಲಯದಲ್ಲಿ ಕಾಪಾಡಬಹುದು. ರಾಜನನ್ನು ನೀನಾರೆಂದು ಊರಿನ ಮಾತಿನಲ್ಲಿ ಕೇಳುವವನನ್ನು ಗುಡಿಯ ಮುಂದಿನ ಬಯಲಿನಲ್ಲಿಯೇ ಕಾಪಾಡಬೇಕು.